ಪಯಸ್ವಿನಿ: ಹೊಳೆಯ ಹೆಸರು, ಹಸುವಿನ ಹೆಸರು, ಮಗಳ ಹೆಸರು

ಸುಳ್ಯದಿಂದ ಕಾಸರಗೋಡಿನವರೆಗೆ ಯಾರ ಹತ್ತಿರ ಪಯಸ್ವಿನಿ ಎಂದರೂ ಮೊದಲು ನೆನಪಾಗುವುದು ಹೊಳೆ. ಹೆಣ್ಣುಮಗುವಿಗೆ ಈ ಹೆಸರಿಡಬೇಕೆಂದು ಹೊರಟವರು ಹೊಳೆಯನ್ನು ದಾಟಿ ಇನ್ನೂ ಕೆಲವು ಪ್ರಶ್ನೆ ಕೇಳುತ್ತಾರೆ. ಅರ್ಥ ಏನು? ನದಿ ಎಂದೋ, ಹಾಲಿನಷ್ಟು ಬಿಳುಪಿನವಳು ಎಂದೋ? ಬರೆಯುವಾಗ ಸ ಹಾಕಬೇಕೋ ಶ ಹಾಕಬೇಕೋ? ಈ ಹೆಸರಿನವರು ಬೇರೆ ಯಾರಾದರೂ ಇದ್ದಾರೆಯೇ? ಈ ಎಲ್ಲ ಪ್ರಶ್ನೆಗಳ ಕೀಲಿ ಹೆಸರಿನ ನಡುವಿನ ಒಂದು ಅಕ್ಷರದಲ್ಲಿದೆ: ‘ಸ್ವಿ’. ಅದರಲ್ಲಿ ಸಕಾರ ಯಾವುದಕ್ಕೆ ಸೇರಿದ್ದು, ವಕಾರ ಯಾವುದಕ್ಕೆ ಸೇರಿದ್ದು ಎಂದು ಬಿಡಿಸಿಕೊಂಡರೆ ಅರ್ಥ, ಕಾಗುಣಿತ, ಈ ಹೆಸರಿನ ಅಕ್ಕತಂಗಿಯರು ಎಲ್ಲವೂ ಸರಿಯಾಗಿ ಕಾಣುತ್ತವೆ.

ಮೂಲ ಶಬ್ದ ‘ಪಯಸ್’. ಅಮರಕೋಶ ಎಂಬ ಹಳೆಯ ಸಂಸ್ಕೃತ ನಿಘಂಟು ಇದನ್ನು ನೀರಿನ ಹೆಸರುಗಳ ಸಾಲಿನಲ್ಲೂ ಇಟ್ಟಿದೆ, ಹಾಲಿನ ಹೆಸರುಗಳ ಸಾಲಿನಲ್ಲೂ ಇಟ್ಟಿದೆ. ನೀರಿಗೆ ‘ಪಯಃ ಕೀಲಾಲಮಮೃತಂ ಜೀವನಂ ಭುವನಂ ವನಮ್’, ಹಾಲಿಗೆ ‘ದುಗ್ಧಂ ಕ್ಷೀರಂ ಪಯಃ ಸಮಮ್’. ಒಂದೇ ಶಬ್ದಕ್ಕೆ ಎರಡು ಅರ್ಥ ಹೇಗೆ ಬಂತು ಎನ್ನುವುದಕ್ಕೆ ವೇದದ ಶಬ್ದಗಳ ಮೂಲ ಬಿಡಿಸುವ ನಿರುಕ್ತದಲ್ಲಿ ಯಾಸ್ಕರು ಎರಡು ಧಾತುಗಳನ್ನು, ಅಂದರೆ ಕ್ರಿಯೆಯ ಬೇರುಗಳನ್ನು, ತೋರಿಸುತ್ತಾರೆ: ‘ಪಯಃ ಪಿಬತೇರ್ವಾ ಪ್ಯಾಯತೇರ್ವಾ’. ಕುಡಿಯುವುದರಿಂದ ಪಯಸ್ಸು, ಇಲ್ಲವೇ ಉಬ್ಬಿ ತುಂಬಿಕೊಳ್ಳುವುದರಿಂದ ಪಯಸ್ಸು. ಇವೆರಡರಲ್ಲಿ ಎರಡನೆಯದೇ ಹೆಚ್ಚು ಹೊಂದುತ್ತದೆ. ದೇವಸ್ಥಾನದಲ್ಲಿ ಪಂಚಾಮೃತ ಅಭಿಷೇಕ ನೋಡಿದವರಿಗೆ ಈ ಧಾತುವಿನ ಸದ್ದು ಕಿವಿಯಲ್ಲಿ ಇದ್ದೇ ಇರುತ್ತದೆ. ಹಾಲು ಎರೆಯುವಾಗ ಹೇಳುವ ಮಂತ್ರ ‘ಆಪ್ಯಾಯಸ್ವ ಸಮೇತು ತೇ’ ಎಂದೇ ಶುರುವಾಗುತ್ತದೆ. ಆಪ್ಯಾಯಸ್ವ ಎಂದರೆ ತುಂಬಿಕೋ, ಪುಷ್ಟವಾಗು. ಕರು ಹಾಕಿದ ಹಸುವಿನ ಮೊದಲ ಹಾಲಿಗೆ, ನಾವು ಗಿಣ್ಣು ಮಾಡುವ ಆ ಹಾಲಿಗೆ, ಸಂಸ್ಕೃತದಲ್ಲಿ ಪೀಯೂಷ ಎನ್ನುತ್ತಾರೆ. ಗಂಡುಮಕ್ಕಳಿಗೆ ಇಡುವ ಪೀಯೂಷ ಎಂಬ ಹೆಸರೂ, ಪಯಸ್ವಿನಿ ಎಂಬ ಹೆಸರೂ ಈ ತುಂಬುವಿಕೆಯ ಬೇರಿನಿಂದಲೇ ಬಂದವು.

ಹಾಗಾಗಿ ಪಯಸ್ ಎಂದರೆ ಬರೀ ಹಾಲು ಎಂದೋ ಬರೀ ನೀರು ಎಂದೋ ತಿಳಿದರೆ ಅರ್ಧ ಮಾತ್ರ ಸಿಕ್ಕಂತೆ. ಒಳಗೆ ತುಂಬಿ, ಹೊರಗೆ ಸುರಿದು, ಕುಡಿದವರನ್ನು ಬೆಳೆಸುವ ರಸ ಅದು. ಯಜುರ್ವೇದದ ಒಂದು ಮಂತ್ರ ಭೂಮಿಯಲ್ಲಿ ಪಯಸ್ಸಿರಲಿ, ಗಿಡಮೂಲಿಕೆಗಳಲ್ಲಿ ಪಯಸ್ಸಿರಲಿ, ಆಕಾಶದಲ್ಲಿ ಪಯಸ್ಸಿರಲಿ, ದಿಕ್ಕುಗಳೆಲ್ಲ ನನಗೆ ‘ಪಯಸ್ವತೀಃ’ ಆಗಲಿ ಎಂದು ಬೇಡುತ್ತದೆ. ಕನ್ನಡದಲ್ಲೂ ಇದೇ ಬಗೆಯ ಒಂದು ಶಬ್ದ ಇದೆ. ತೊರೆ ಎಂದರೆ ಹರಿಯುವ ಹೊಳೆ. ಕರುವನ್ನು ಬಿಟ್ಟಾಗ ಹಸುವಿನ ಕೆಚ್ಚಲಿಗೆ ಹಾಲು ಇಳಿಯುವುದಕ್ಕೂ ತೊರೆ ಬಿಡುವುದು ಎನ್ನುತ್ತಾರೆ. ಕೆಲವು ಕಡೆ ಸೊರ ಬಿಡುವುದು ಎನ್ನುವುದೂ ಉಂಟು. ಹೊಳೆ ಹರಿಯುವುದನ್ನೂ ಹಾಲು ಇಳಿಯುವುದನ್ನೂ ಒಂದೇ ಮಾತಿನಲ್ಲಿ ಹೇಳುವ ನಮಗೆ ಪಯಸ್ಸಿನ ಎರಡು ಅರ್ಥ ಬಿಡಿಸಿ ಹೇಳಬೇಕಾಗಿಯೇ ಇಲ್ಲ.

‘ಸ್ವಿನಿ’ ಅಲ್ಲ, ‘ವಿನಿ’

ಹೆಸರನ್ನು ‘ಪಯ’ ಮತ್ತು ‘ಸ್ವಿನಿ’ ಎಂದು ತುಂಡು ಮಾಡುವುದು ಎಲ್ಲರೂ ಮಾಡುವ ತಪ್ಪು. ಸರಿಯಾದ ತುಂಡು ‘ಪಯಸ್’ ಮತ್ತು ‘ವಿನಿ’. ‘ಅಸ್ಮಾಯಾಮೇಧಾಸ್ರಜೋ ವಿನಿಃ’ ಎಂಬುದು ಪಾಣಿನಿಯ ಸೂತ್ರ, ಅವನ ಸಂಸ್ಕೃತ ವ್ಯಾಕರಣ ಗ್ರಂಥ ಅಷ್ಟಾಧ್ಯಾಯಿಯ ಐದನೇ ಅಧ್ಯಾಯದ ಎರಡನೇ ಪಾದದಲ್ಲಿ ಬರುತ್ತದೆ. ‘ಅಸ್’ ಎಂದು ಕೊನೆಯಾಗುವ ಶಬ್ದಗಳಿಗೆ, ಮಾಯಾ, ಮೇಧಾ, ಸ್ರಜ್ ಎಂಬ ಮೂರು ಶಬ್ದಗಳಿಗೆ ‘ಅದು ಇರುವವನು’ ಎಂಬ ಅರ್ಥದಲ್ಲಿ ವಿನ್ ಪ್ರತ್ಯಯ ಹತ್ತುತ್ತದೆ ಎನ್ನುವುದು ಸೂತ್ರದ ಮಾತು. ಪಯಸ್ ಸೇರಿ ಪಯಸ್ವಿನ್ ಆಯಿತು, ಅದಕ್ಕೆ ಹೆಣ್ಣಿನ ಈಕಾರ ಸೇರಿ ಪಯಸ್ವಿನೀ ಆಯಿತು. ಸಂಸ್ಕೃತದಲ್ಲಿ ಕೊನೆಯ ಸ್ವರ ದೀರ್ಘ. ಕನ್ನಡಕ್ಕೆ ಬಂದಾಗ ನದೀ ‘ನದಿ’ ಆದಂತೆ, ದೇವೀ ‘ದೇವಿ’ ಆದಂತೆ ಇದೂ ಹ್ರಸ್ವವಾಯಿತು.

ಈ ಒಂದೇ ಸೂತ್ರದ ಅಚ್ಚಿನಿಂದ ಎದ್ದ ಹೆಸರುಗಳು ನಮ್ಮ ಶಾಲೆಗಳ ಹಾಜರಿ ಪುಸ್ತಕದಲ್ಲಿ ತುಂಬ ಇವೆ. ಯಶಸ್ ಇರುವವಳು ಯಶಸ್ವಿನಿ, ತೇಜಸ್ ಇರುವವಳು ತೇಜಸ್ವಿನಿ, ಮನಸ್ ಇರುವವಳು ಮನಸ್ವಿನಿ, ಓಜಸ್ ಇರುವವಳು ಓಜಸ್ವಿನಿ. ಮನಸ್ವಿನಿ ಲಲಿತಾ ಸಹಸ್ರನಾಮದಲ್ಲೂ ಇದೆ. ಮೇಧಾವಿನಿ ಎಂಬ ಹೆಸರಿನಲ್ಲಿ ಸಕಾರ ಇಲ್ಲ ಎನ್ನುವುದನ್ನು ಗಮನಿಸಿ. ಮೇಧಾ ಎಂಬ ಶಬ್ದದಲ್ಲೇ ಸಕಾರ ಇಲ್ಲವಾದ್ದರಿಂದ ಹೆಸರಿನಲ್ಲೂ ಇಲ್ಲ. ಪ್ರತ್ಯಯ ‘ಸ್ವಿನಿ’ ಅಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಈಚೆಗೆ ಕೇಳಲು ಚೆನ್ನಾಗಿದೆ ಎಂದು ಯಾವುದಾದರೂ ಶಬ್ದದ ಕೊನೆಗೆ ‘ಸ್ವಿನಿ’ ಅಂಟಿಸಿ ಹೊಸ ಹೆಸರು ಕಟ್ಟುವವರಿದ್ದಾರೆ. ಹರ್ಷಕ್ಕೋ ಧನಕ್ಕೋ ಸ್ವಿನಿ ಸೇರಿಸಿದರೆ ಅಲ್ಲಿ ಬರುವ ಸಕಾರಕ್ಕೆ ತಾಯಿಮನೆಯೇ ಇಲ್ಲ. ಹಾಗೆ ಕಟ್ಟಿದ ಹೆಸರಿಗೆ ಅರ್ಥ ಕೇಳಿದರೆ ಯಾವ ನಿಘಂಟೂ ಉತ್ತರ ಕೊಡದು. ಮಗಳು ದೊಡ್ಡವಳಾಗಿ ತನ್ನ ಹೆಸರಿನ ಅರ್ಥ ಹುಡುಕಿಕೊಂಡು ಹೊರಟಾಗ ಕೈಗೆ ಏನೂ ಸಿಗದೆ ಹೋಗಬಾರದು. ಹೆಸರಿಡುವವರು ಇಷ್ಟು ಯೋಚಿಸಲೇಬೇಕು.

ಅಶ್ವಿನಿ ಎಂಬ ಹೆಸರು ಈ ಗುಂಪಿಗೆ ಸೇರಿದ್ದಲ್ಲ. ಅಲ್ಲಿ ಮೂಲ ಅಶ್ವ, ಪ್ರತ್ಯಯ ‘ಇನ್’. ವಕಾರ ಬಂದದ್ದು ಅಶ್ವದಿಂದ, ಪ್ರತ್ಯಯದಿಂದ ಅಲ್ಲ. ಕಿವಿಗೆ ಎರಡೂ ಹತ್ತಿರ ಕೇಳಿಸುತ್ತವೆ, ಆದರೆ ಒಂದರಲ್ಲಿ ಶ, ಇನ್ನೊಂದರಲ್ಲಿ ಸ. ಈ ಗೊಂದಲವೇ ಮುಂದೆ ಕಾಗದಪತ್ರದಲ್ಲಿ ತಲೆನೋವು ತರುತ್ತದೆ.

ಇನ್ನೊಂದು ಸಂದೇಹ ಸಂಸ್ಕೃತ ಓದಿದವರಿಂದ ಬರುತ್ತದೆ. ಪಯಸ್ಸಿಗೆ ಧರ ಸೇರಿದರೆ ಪಯೋಧರ, ನಿಧಿ ಸೇರಿದರೆ ಪಯೋನಿಧಿ. ಹಾಗಿದ್ದರೆ ವಿನಿ ಸೇರಿದಾಗ ‘ಪಯೋವಿನಿ’ ಏಕೆ ಆಗಲಿಲ್ಲ? ಸಮಾಸದಲ್ಲಿ ಪಯಸ್ ಎಂಬುದು ಒಂದು ಪೂರ್ತಿ ಪದ. ಪದದ ಕೊನೆಯ ಸಕಾರ ಮುಂದಿನ ಅಕ್ಷರ ನೋಡಿ ಕರಗಿ ಓಕಾರವಾಗುತ್ತದೆ. ಆದರೆ ‘ಉಳ್ಳವನು, ಉಳ್ಳವಳು’ ಎಂಬ ಅರ್ಥದ ಪ್ರತ್ಯಯ ಪರವಾದಾಗ ತಕಾರ, ಸಕಾರದಲ್ಲಿ ಮುಗಿಯುವ ಶಬ್ದಕ್ಕೆ ಪದ ಎಂಬ ಲೆಕ್ಕ ಇಲ್ಲ. ಪಾಣಿನಿ ಅದಕ್ಕೆಂದೇ ‘ತಸೌ ಮತ್ವರ್ಥೇ’ ಎಂಬ ಬೇರೆ ಸೂತ್ರ ಮಾಡಿದ್ದಾನೆ. ಆದ್ದರಿಂದ ಸಕಾರ ಕರಗದೆ ನಿಲ್ಲುತ್ತದೆ. ಯಶಸ್ವಿನಿ ಮತ್ತು ಯಶೋದಾ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಎರಡರ ಒಳಗೂ ಇರುವುದು ಯಶಸ್ ಶಬ್ದವೇ. ಒಂದರಲ್ಲಿ ಸಕಾರ ಉಳಿದಿದೆ, ಇನ್ನೊಂದರಲ್ಲಿ ಕರಗಿದೆ. ಮನಸ್ವಿನಿ ಮತ್ತು ಮನೋಹರ, ತಪಸ್ವಿನಿ ಮತ್ತು ತಪೋವನ, ಇವೂ ಹಾಗೆಯೇ.

ಅರ್ಥದಲ್ಲಿ ಒಂದು ಸೂಕ್ಷ್ಮ ಇದೆ. ‘ಉಳ್ಳವಳು’ ಎಂಬ ಈ ಪ್ರತ್ಯಯಗಳು ಬರೀ ಇರುವಿಕೆಯನ್ನು ಹೇಳುವುದಿಲ್ಲ, ಹೇರಳವಾಗಿರುವುದು, ಹೊಗಳುವಂತಿರುವುದು, ಯಾವಾಗಲೂ ಇರುವುದು ಇಂಥ ಭಾವಗಳಲ್ಲಿ ಬರುತ್ತವೆ ಎಂದು ವೈಯಾಕರಣರು ಹೇಳುತ್ತಾರೆ. ಕರು ಹಾಕಿದ ಹಸುಗಳೆಲ್ಲಕ್ಕೂ ಹಾಲಿರುತ್ತದೆ, ಆದರೆ ಎಲ್ಲವನ್ನೂ ಪಯಸ್ವಿನಿ ಎನ್ನುವುದಿಲ್ಲ. ಕರುವಿಗೆ ಕುಡಿಸಿ, ಮನೆಗೆ ಕೊಟ್ಟು, ಮತ್ತೂ ಕೆಚ್ಚಲಲ್ಲಿ ಉಳಿಯುವಷ್ಟು ಇರುವವಳು ಪಯಸ್ವಿನಿ. ಕಾಳಿದಾಸನ ರಘುವಂಶದ ಎರಡನೇ ಸರ್ಗದಲ್ಲಿ ದಿಲೀಪನ ರಾಣಿ ಸುದಕ್ಷಿಣೆ ಅಕ್ಷತೆಯ ಪಾತ್ರೆ ಹಿಡಿದು ನಂದಿನಿ ಎಂಬ ಹಸುವಿಗೆ ಪ್ರದಕ್ಷಿಣೆ ಬರುವ ಶ್ಲೋಕ ‘ಪ್ರದಕ್ಷಿಣೀಕೃತ್ಯ ಪಯಸ್ವಿನೀಂ ತಾಂ’ ಎಂದು ಶುರುವಾಗುತ್ತದೆ. ಸಂಸ್ಕೃತದಲ್ಲಿ ಪಯಸ್ವಿನಿ ಎಂಬ ಮಾತಿಗೆ ಮೊದಲ ಅರ್ಥ ಹಾಲು ಕೊಡುವ ಹಸುವೇ. ನದಿ ಎಂಬ ಅರ್ಥ ಅದರ ಪಕ್ಕದಲ್ಲಿದೆ. ಮಗಳಿಗೆ ಹಸುವಿನ ಹೆಸರೇ ಎಂದು ಮುಜುಗರ ಪಡಬೇಕಾದ್ದಿಲ್ಲ. ನಂದಿನಿ, ಸುರಭಿ ಎಂದು ಹೆಸರಿಡುವಾಗ ಯಾರೂ ಮುಜುಗರ ಪಟ್ಟಿಲ್ಲ.

ಹಾಗಾದರೆ ‘ಹಾಲಿನಂತೆ ಬೆಳ್ಳಗಿನವಳು’ ಎಂಬ ಅರ್ಥ? ಹೆಸರುಗಳ ಪಟ್ಟಿಗಳಲ್ಲಿ ಅದು ಕಾಣುತ್ತದೆ, ಆದರೆ ಶಬ್ದದಲ್ಲಿ ಇಲ್ಲ. ಬಣ್ಣವನ್ನೋ ಹೋಲಿಕೆಯನ್ನೋ ಹೇಳುವ ಯಾವ ತುಂಡೂ ಈ ಹೆಸರಿನ ಒಳಗಿಲ್ಲ. ಕಪ್ಪು ಹಸುವೂ ಪಯಸ್ವಿನಿಯೇ, ಮಳೆಗಾಲದಲ್ಲಿ ಕೆಂಪಗೆ ತುಂಬಿ ಹರಿಯುವ ಹೊಳೆಯೂ ಪಯಸ್ವಿನಿಯೇ.

ಹೊಳೆಗೆ ಹೆಸರು, ಹೊಳೆಯಿಂದ ಹೆಸರು

ನಮ್ಮ ಪಯಸ್ವಿನಿ ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸಂಪಾಜೆ, ಅರಂತೋಡು, ಸುಳ್ಯದ ಕಡೆಯಿಂದ ಇಳಿದು ಕಾಸರಗೋಡು ಜಿಲ್ಲೆಗೆ ಬರುತ್ತದೆ. ಚಂದ್ರಗಿರಿಯ ಜೊತೆ ಕೂಡಿ, ಕಾಸರಗೋಡು ಪೇಟೆಯ ತೆಂಕಿಗೆ ಚಂದ್ರಗಿರಿ ಎಂಬ ಹೆಸರಿನಲ್ಲೇ ಕಡಲು ಸೇರುತ್ತದೆ. ಚಂದ್ರಗಿರಿ ಜಿಲ್ಲೆಯ ಅತಿ ಉದ್ದದ ಹೊಳೆ, ಸುಮಾರು 105 ಕಿಲೋಮೀಟರು. ತುಳುನಾಡಿನ ತೆಂಕಣ ಗಡಿ ಚಂದ್ರಗಿರಿ ಎಂಬ ಮಾತು ಹಿಂದಿನಿಂದಲೂ ಇದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ, ರಾಜ್ಯಗಳ ಗಡಿ ವಿವಾದ ನೋಡಲು ನೇಮಿಸಿದ ಮಹಾಜನ ಆಯೋಗದ 1967ರ ವರದಿ ಪಯಸ್ವಿನಿ, ಚಂದ್ರಗಿರಿ ಹೊಳೆಗಳ ಬಡಗಣ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಹಾಗಾಗಿ ಈ ಊರಿನ ಕನ್ನಡಿಗರಿಗೆ ಪಯಸ್ವಿನಿ ಎಂಬುದು ನೀರಿನ ಹೆಸರಷ್ಟೇ ಅಲ್ಲ. ನಕಾಶೆಯ ಮೇಲೆ ಎಳೆದು, ಮತ್ತೆ ಎಳೆಯದೆ ಬಿಟ್ಟ ಒಂದು ಗೆರೆಯ ಹೆಸರೂ ಹೌದು. ಇಲ್ಲಿಯ ಮನೆಯೊಂದರಲ್ಲಿ ಮಗಳಿಗೆ ಈ ಹೆಸರಿಟ್ಟಾಗ ಬೆಂಗಳೂರಿನಲ್ಲಿ ಇಟ್ಟ ಇದೇ ಹೆಸರಿಗಿಲ್ಲದ ತೂಕ ಅದಕ್ಕಿರುತ್ತದೆ.

ಪಯಸ್ವಿನಿ ಎಂಬ ಹೊಳೆ ಇದೊಂದೇ ಅಲ್ಲ. ಭಾಗವತದ ಹನ್ನೊಂದನೇ ಸ್ಕಂಧ ದ್ರಾವಿಡ ದೇಶದ ನದಿಗಳನ್ನು ‘ತಾಮ್ರಪರ್ಣೀ ನದೀ ಯತ್ರ ಕೃತಮಾಲಾ ಪಯಸ್ವಿನೀ’ ಎಂದು ಸಾಲಾಗಿ ಹೇಳುತ್ತದೆ, ಮುಂದೆ ಕಾವೇರಿ ಬರುತ್ತಾಳೆ. ಇದು ನಮ್ಮ ಸುಳ್ಯದ ಹೊಳೆಯೇ ಎಂದು ಅಭಿಮಾನದಿಂದ ಹೇಳುವವರಿದ್ದಾರೆ. ಆದರೆ ಕನ್ಯಾಕುಮಾರಿ ಜಿಲ್ಲೆಯ ತಿರುವಟ್ಟಾರಿನ ಆದಿಕೇಶವ ದೇವಸ್ಥಾನದ ಬಳಿಯ ಹೊಳೆಯನ್ನು ಬಂಗಾಳದ ಕೃಷ್ಣಭಕ್ತ ಚೈತನ್ಯರ ಪರಂಪರೆ ಪಯಸ್ವಿನಿ ಎಂದೇ ಕರೆಯುತ್ತದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಕೋಲಾರ, ಕುಪ್ಪಂ, ವೇಲೂರಿನ ದಾರಿಯಾಗಿ ಹರಿಯುವ ಪಾಲಾರಿಗೂ ಕ್ಷೀರನದಿ ಎಂಬ ಹೆಸರಿದೆ. ತಮಿಳಿನ ಪಾಲ್ ಎಂದರೆ ನಮ್ಮ ಹಾಲು, ಆರು ಎಂದರೆ ಹೊಳೆ. ಪಾಲಾರು ಎಂದರೆ ಹಾಲುಹೊಳೆ. ಪಾಲ್ ಮತ್ತು ಪಯಸ್ ಎರಡರ ಮೊದಲಲ್ಲೂ ಪಕಾರ ಇದ್ದರೂ ಒಂದು ದ್ರಾವಿಡ, ಇನ್ನೊಂದು ಸಂಸ್ಕೃತ, ಬೇರು ಬೇರೆ ಬೇರೆ. ಬಡಗಣ ಚಿತ್ರಕೂಟದಲ್ಲೂ ಒಂದು ಪಯಸ್ವಿನಿ ಹರಿಯುತ್ತದೆ. ಅಲ್ಲಿಯ ಜನರ ಬಾಯಲ್ಲಿ ಅದು ಪೈಸುನಿ ಆಗಿದೆ. ನಮ್ಮಲ್ಲೂ ಬೇಗ ಬೇಗ ಕರೆದರೆ ‘ಪೈಸ್ವಿನಿ’ ಎಂದೇ ಕೇಳಿಸುತ್ತದೆ. ಸವೆತದ ಮೊದಲ ಮೆಟ್ಟಿಲು ಅದು.

ನೀರು ಸಾಕಿ ಬೆಳೆಸುವ ಕಡೆಗಳಲ್ಲೆಲ್ಲ ಜನ ಹೊಳೆಗೆ ಹಾಲಿನ ಹೆಸರಿಟ್ಟಿದ್ದಾರೆ. ಕಾಸರಗೋಡಿನ ಅಡಿಕೆ ತೋಟದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆ ನಿಂತ ಮೇಲೆ ತೋಡಿಗೆ ಅಡ್ಡವಾಗಿ ಕಲ್ಲು, ಮಣ್ಣು, ಸೊಪ್ಪು ಹಾಕಿ ಕಟ್ಟ ಕಟ್ಟುವುದು, ಗುಡ್ಡದ ಹೊಟ್ಟೆಗೆ ಸುರಂಗ ತೋಡಿ ಒಸರು ನೀರನ್ನು ಬೊಟ್ಟುಬೊಟ್ಟಾಗಿ ಹಿಡಿಯುವುದು ಇಲ್ಲಿಯ ಬದುಕು. ಸುರಂಗದ ಗೋಡೆಯಲ್ಲಿ ನೀರು ಜಿನುಗುವುದನ್ನು ಹತ್ತಿರದಿಂದ ಕಂಡವರಿಗೆ ಯಾಸ್ಕರು ಹೇಳಿದ ‘ಉಬ್ಬಿ ತುಂಬುವುದು’ ಎಂಬ ಮಾತು ಪುಸ್ತಕದ ಮಾತಾಗಿ ಕಾಣುವುದಿಲ್ಲ.

ಹೆಣ್ಣಿಗೆ ನದಿಯ ಹೆಸರಿಡುವುದನ್ನು ಹಳೆಯ ಶಾಸ್ತ್ರ ಒಪ್ಪಿತ್ತೇ ಎಂದು ಕೇಳಿದರೆ, ಇಲ್ಲ. ನಕ್ಷತ್ರದ, ಮರದ, ನದಿಯ ಹೆಸರಿನ ಹೆಣ್ಣನ್ನು ಮದುವೆಯಾಗಬಾರದು ಎಂದು ಮನುಸ್ಮೃತಿಯ ಮೂರನೇ ಅಧ್ಯಾಯ ಹೇಳುತ್ತದೆ. ಜನ ಅದಕ್ಕೆ ಕಿವಿಗೊಡಲಿಲ್ಲ. ಗಂಗೆ, ಯಮುನೆ, ಕಾವೇರಿ, ತುಂಗೆ, ಗೋದಾವರಿ, ಭಾಗೀರಥಿ ಎಂದು ಹೆಸರಿಟ್ಟರು. ರೇವತಿ, ರೋಹಿಣಿ, ತುಳಸಿ ಎಂದೂ ಇಟ್ಟರು. ಆ ಹೆಸರಿನ ಅಜ್ಜಿಯಂದಿರು ನೂರಾರು ಮನೆಗಳನ್ನು ನಡೆಸಿದರು. ಅದೇ ಗ್ರಂಥದ ಎರಡನೇ ಅಧ್ಯಾಯದ ಇನ್ನೊಂದು ಮಾತು ಮಾತ್ರ ಈಗಲೂ ಕೆಲಸಕ್ಕೆ ಬರುತ್ತದೆ: ಹೆಣ್ಣಿನ ಹೆಸರು ಸುಲಭವಾಗಿ ಉಚ್ಚರಿಸುವಂತಿರಬೇಕು, ಅರ್ಥ ಸ್ಪಷ್ಟವಾಗಿರಬೇಕು, ದೀರ್ಘ ಸ್ವರದಲ್ಲಿ ಮುಗಿಯಬೇಕು. ಪಯಸ್ವಿನೀ ಕೊನೆಯ ಎರಡರಲ್ಲಿ ಗೆಲ್ಲುತ್ತದೆ. ಮೊದಲನೆಯದರಲ್ಲಿ ಸ್ವಲ್ಪ ಕಷ್ಟ ಕೊಡುತ್ತದೆ, ಆ ‘ಸ್ವಿ’ಯಿಂದಾಗಿ.

ಎಷ್ಟು ಮಂದಿಗೆ ಈ ಹೆಸರು

ಯಶಸ್ವಿನಿ, ತೇಜಸ್ವಿನಿ ಎಲ್ಲ ಊರಿನಲ್ಲೂ ಸಿಗುತ್ತಾರೆ. ಪಯಸ್ವಿನಿ ಅಪರೂಪ. ಕಾರಣ ಹುಡುಕುವುದು ಕಷ್ಟವಲ್ಲ. ಯಶಸ್ಸು, ತೇಜಸ್ಸು ಎಂಬ ಮಾತುಗಳು ದಿನನಿತ್ಯದ ಕನ್ನಡದಲ್ಲಿ ಓಡಾಡುತ್ತವೆ, ಪರೀಕ್ಷೆಗೆ ಹೊರಟವರಿಗೂ ಯಶಸ್ಸು ಹಾರೈಸುತ್ತೇವೆ. ಕರ್ನಾಟಕದಲ್ಲಿ 2003ರಲ್ಲಿ ಶುರುವಾದ ಸಹಕಾರಿ ರೈತರ ಆರೋಗ್ಯ ಯೋಜನೆಗೂ ಯಶಸ್ವಿನಿ ಎಂದೇ ಹೆಸರು. ಪಯಸ್ಸು ಹಾಗಲ್ಲ, ಮಂತ್ರ ಮತ್ತು ಕಾವ್ಯದ ಹೊರಗೆ ಅದು ಬಳಕೆಯಲ್ಲಿಲ್ಲ. ಹೊಳೆಯನ್ನು ಕಂಡು ಬೆಳೆದವರಿಗೆ ಮಾತ್ರ ಹೆಸರು ತಾನಾಗಿ ನಾಲಗೆಗೆ ಬರುತ್ತದೆ. ಗಂಡು ರೂಪಗಳಲ್ಲೂ ಹೀಗೆಯೇ: ಯಶಸ್ವಿ, ತೇಜಸ್ವಿ ಎಂಬ ಹುಡುಗರಿದ್ದಾರೆ, ಪಯಸ್ವಿ ಎಂಬ ಹುಡುಗನನ್ನು ಹುಡುಕಿದರೂ ಸಿಗುವುದು ಕಷ್ಟ. ಹಸು, ಹೊಳೆ, ತಾಯಿ ಮೂವರೂ ಹೆಣ್ಣಾದ ಮೇಲೆ ಈ ಶಬ್ದಕ್ಕೆ ಗಂಡು ರೂಪದ ಅಗತ್ಯ ಬೀಳಲಿಲ್ಲ.

ಅಜ್ಜಿಯಂದಿರ ಕಾಲದ ಪಟ್ಟಿ ನೋಡಿದರೆ ಲಕ್ಷ್ಮಿ, ಪಾರ್ವತಿ, ಸರಸ್ವತಿ, ಶಂಕರಿ, ದೇವಕಿ, ಕಮಲ, ಭಾಗೀರಥಿ ಇವೇ. ಮನೆಯ ಹಿರಿಯರ ಹೆಸರನ್ನೇ ಮೊಮ್ಮಗಳಿಗೆ ಇಡುವ ಪದ್ಧತಿ ಗಟ್ಟಿಯಾಗಿದ್ದಾಗ ಹೊಸ ಹೆಸರಿಗೆ ಜಾಗ ಇರಲಿಲ್ಲ. ಅದು ಸಡಿಲವಾದ ಮೇಲೆ ಪಯಸ್ವಿನಿಯಂಥ ಹೆಸರುಗಳು ಬಂದವು. ಆದರೂ ಆ ಪಟ್ಟಿಯ ಸರಸ್ವತಿ ಪಯಸ್ವಿನಿಯ ನೇರ ಅಕ್ಕ. ಸರಸ್ ಎಂದರೆ ನೀರು, ಕೊಳ. ಅಲ್ಲಿ ಸೇರಿದ್ದು ವಿನ್ ಬದಲು ವತ್, ಅರ್ಥ ಅದೇ ‘ಉಳ್ಳವಳು’. ವೇದದ ಪಯಸ್ವತೀ ಆ ಎರಡರ ನಡುವೆ ನಿಲ್ಲುತ್ತಾಳೆ. ಅಜ್ಜಿಯ ಹೆಸರು ಸರಸ್ವತಿ ಆಗಿದ್ದು, ಅದನ್ನು ಹಾಗೆಯೇ ಇಡಲು ಮಗ ಸೊಸೆ ಹಿಂಜರಿದರೆ, ಪಯಸ್ವಿನಿ ಎಂದರೆ ಅಜ್ಜಿಯ ಹೆಸರಿನ ಅಚ್ಚೂ ಅರ್ಥವೂ ಉಳಿಯುತ್ತದೆ.

ನಿಮ್ಮ ಊರಿನಲ್ಲಿ ಎಷ್ಟು ಮಂದಿ ಎಂದು ತಿಳಿಯಬೇಕಾದರೆ ಅಂದಾಜಿಗೆ ಹೋಗಬೇಡಿ. ಮತದಾರರ ಪಟ್ಟಿ ಭಾಗವಾರು ಸಾರ್ವಜನಿಕವಾಗಿ ಸಿಗುತ್ತದೆ, ಹೆಸರಿನ ಜೊತೆಗೆ ವಯಸ್ಸೂ ಇರುತ್ತದೆ. ಹೊಳೆಯ ಪಕ್ಕದ ಮೂರು ಭಾಗ, ಹೊಳೆಯಿಂದ ದೂರದ ಮೂರು ಭಾಗ ತೆಗೆದುಕೊಂಡು ಎಣಿಸಿ, ವಯಸ್ಸನ್ನು ಹತ್ತು ಹತ್ತು ವರ್ಷಕ್ಕೆ ಗುಂಪು ಮಾಡಿ. ಎರಡು ಕಡೆ ಲೆಕ್ಕ ತಪ್ಪುತ್ತದೆ. ಮದುವೆಯಾಗಿ ಬಂದವರ ಹೆಸರು ಗಂಡನ ಊರಿನ ಪಟ್ಟಿಯಲ್ಲಿರುತ್ತದೆ, ಆದ್ದರಿಂದ ಪಟ್ಟಿ ಹೇಳುವುದು ಹೆಸರಿಟ್ಟ ಊರನ್ನಲ್ಲ, ಈಗಿರುವ ಊರನ್ನು. ಹದಿನೆಂಟು ತುಂಬದವರು ಪಟ್ಟಿಯಲ್ಲೇ ಇಲ್ಲ. ಈಗಿನ ಮಕ್ಕಳ ಹೆಸರಿಗೆ ಅಂಗನವಾಡಿ, ಶಾಲೆಯಲ್ಲೇ ಕೇಳಬೇಕು. ಕಾಗುಣಿತ ತಪ್ಪಿದ ಹೆಸರುಗಳನ್ನೂ ಸೇರಿಸಿ ಎಣಿಸಲು ಮರೆಯಬೇಡಿ.

ನಕ್ಷತ್ರದ ಅಕ್ಷರ ನೋಡಿ ಹೆಸರಿಡುವ ಮನೆಯವರಿಗೆ: ‘ಪ’ ಬರುವುದು ಉತ್ತರ (ಉತ್ತರ ಫಲ್ಗುಣಿ) ನಕ್ಷತ್ರದ ಮೂರನೇ ಪಾದಕ್ಕೆ, ರಾಶಿ ಕನ್ಯೆ. ಬೇರೆ ನಕ್ಷತ್ರವಾದರೆ ನಕ್ಷತ್ರನಾಮ ಬೇರೆ ಇಟ್ಟು, ಪಯಸ್ವಿನಿಯನ್ನು ವ್ಯವಹಾರನಾಮ ಮಾಡಿಕೊಳ್ಳುವುದರಲ್ಲಿ ಅಡ್ಡಿ ಏನೂ ಇಲ್ಲ.

ಕರೆಯುವಾಗಿನ ಒಂದೆರಡು ಮಾತು. ಪಯಸ್ವಿನಿ ಮತ್ತು ಯಶಸ್ವಿನಿ ಎರಡಕ್ಕೂ ಲಘು, ಗುರು, ಲಘು, ಲಘು; ಐದೈದು ಮಾತ್ರೆ. ಜಗಲಿಯಿಂದ ಕೂಗಿದರೆ ಎರಡೂ ಒಂದೇ ಥರ ಕೇಳಿಸುತ್ತವೆ. ಒಂದೇ ಮನೆಯಲ್ಲ, ಒಂದೇ ಕುಟುಂಬದಲ್ಲೂ ಎರಡು ಹೆಸರು ಬೇಡ. ಮನೆಯಲ್ಲಿ ‘ವಿನಿ’ ಎಂದು ಕರೆಯುವುದು ಚೆನ್ನ, ಅದು ನಿಜವಾದ ಪ್ರತ್ಯಯವೇ. ‘ಪಯು’ ಎಂದು ಕರೆಯುವವರು ಹ್ರಸ್ವವಾಗಿಯೇ ಕರೆಯಿರಿ. ‘ಪಾಯು’ ಎಂದು ಎಳೆದರೆ ಸಂಸ್ಕೃತದಲ್ಲಿ ಅದು ಗುದದ ಹೆಸರು. ಶಾಲೆಯಲ್ಲಿ ಮಕ್ಕಳು ‘ಪಾಯಸ’ ಎಂದು ರೇಗಿಸುತ್ತಾರೆ. ಮಗು ಅಳುತ್ತ ಬಂದರೆ ಹೇಳಿಕೊಡಬೇಕಾದ್ದು ಇದು: ಪಾಯಸ ಎಂದರೆ ಪಯಸ್ಸಿನಲ್ಲಿ ಬೇಯಿಸಿದ್ದು, ಹೆಸರು ಪಯಸ್ಸಿನಿಂದಲೇ ಬಂದದ್ದು, ಅದು ನಿನ್ನ ಸಂಬಂಧಿಕರ ಹೆಸರೇ.

ಮೂರು ಲಿಪಿಗಳಲ್ಲಿ ಒಂದು ಹೆಸರು

ಕಾಸರಗೋಡಿನ ಕನ್ನಡ ಮಗುವಿನ ಹೆಸರು ಮನೆಯಲ್ಲಿ ಕನ್ನಡದಲ್ಲಿ ಹುಟ್ಟಿ, ಪಂಚಾಯತಿನಲ್ಲಿ ಮಲಯಾಳಕ್ಕೂ ಇಂಗ್ಲಿಷಿಗೂ ಹೋಗಿ, ಕನ್ನಡ ಮಾಧ್ಯಮದ ಶಾಲೆಯಲ್ಲಿ ಮತ್ತೆ ಕನ್ನಡಕ್ಕೆ ಬರುತ್ತದೆ. ಈ ಸುತ್ತಿನಲ್ಲೇ ಹೆಸರು ಕೆಡುವುದು.

ಮಲಯಾಳದಲ್ಲೂ ಶ, ಷ, ಸ ಮೂರೂ ಇವೆ, ಸಕಾರಕ್ಕೆ ವಕಾರ ಸೇರಿಸುವ ಕೂಡಕ್ಷರವೂ ಇದೆ. ಆದ್ದರಿಂದ ಲಿಪಿಯಲ್ಲಿ ಕೊರತೆ ಇಲ್ಲ, ಕೊರತೆ ಅಭ್ಯಾಸದಲ್ಲಿದೆ. ಬರೆಯುವವರ ಕೈಗೆ ಅಶ್ವಿನಿ ಪರಿಚಿತ, ಪಯಸ್ವಿನಿ ಅಲ್ಲ. ಕಿವಿಯಲ್ಲಿ ಕೇಳಿ ಬರೆದರೆ ಕೈ ತಾನಾಗಿ ಶಕಾರಕ್ಕೆ ಹೋಗಿ ‘ಪಯಶ್ವಿನಿ’ ಆಗುತ್ತದೆ. ಹಾಗಾಗಿ ಹೆಸರನ್ನು ಬಾಯಿಯಲ್ಲಿ ಹೇಳಬೇಡಿ, ಮಲಯಾಳದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದ ಚೀಟಿ ಕೊಡಿ. ಮಲಯಾಳ ಬರೆಯಲು ಬಾರದಿದ್ದರೆ ‘ಸರಸ್ವತಿಯ ಸ್ವ’ ಎನ್ನಿ, ಯಾರಿಗೂ ತಪ್ಪುವುದಿಲ್ಲ. ತಮಿಳುನಾಡಿನ ಗಡಿ ಊರುಗಳಲ್ಲಾದರೆ ಸಕಾರಕ್ಕೆ ಗ್ರಂಥಾಕ್ಷರ, ಅಂದರೆ ಸಂಸ್ಕೃತದ ಉಚ್ಚಾರಕ್ಕೆಂದು ತಮಿಳಿನಲ್ಲಿ ಬಳಸುವ ಅಕ್ಷರ, ಬೇಕು. ಅದನ್ನು ಬಳಸದೆ ಅಚ್ಚ ತಮಿಳು ಅಕ್ಷರದಲ್ಲಿ ಬರೆದರೆ ‘ಪಯಸುವಿನಿ’ ಎಂದು ಬಿಡಿಸಿಕೊಳ್ಳುತ್ತದೆ.

ಇಂಗ್ಲಿಷಿನಲ್ಲಿ ಡಬ್ಲ್ಯೂ ಹಾಕುವುದೋ ವಿ ಹಾಕುವುದೋ ಎಂಬ ಪ್ರಶ್ನೆ. ಸ್ವಾಮಿ, ಸರಸ್ವತಿಗಳನ್ನು ನಮ್ಮಲ್ಲಿ ಹೆಚ್ಚಾಗಿ ಡಬ್ಲ್ಯೂ ಹಾಕಿ ಬರೆಯುತ್ತಾರೆ, ಆದ್ದರಿಂದ ಪಿ, ಎ, ವೈ, ಎ, ಎಸ್, ಡಬ್ಲ್ಯೂ, ಐ, ಎನ್, ಐ ಎಂಬ ಒಂಬತ್ತು ಅಕ್ಷರ ರೂಢಿಗೆ ಹೊಂದುತ್ತದೆ. ವಿ ಹಾಕಿದರೂ ತಪ್ಪಲ್ಲ. ಜನನ ಪತ್ರದಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು ಆಗುವುದು ತಪ್ಪು. ಎಸ್ ಆದ ಮೇಲೆ ಎಚ್ ಮಾತ್ರ ಬರಲೇಬಾರದು. ಇಂಗ್ಲಿಷಿನಿಂದ ಕಂಪ್ಯೂಟರು ತಾನೇ ಕನ್ನಡಕ್ಕೋ ಮಲಯಾಳಕ್ಕೋ ತಿರುಗಿಸಿದಾಗ ಮೊದಲ ಎ ಅಕ್ಷರ ಹ್ರಸ್ವವೋ ದೀರ್ಘವೋ ಅದಕ್ಕೆ ಗೊತ್ತಾಗದೆ ‘ಪಾಯಸ್ವಿನಿ’ ಎಂದು ಬರುವುದುಂಟು. ತೆರೆಯ ಮೇಲೆ ಬಂದದ್ದನ್ನು ಒಪ್ಪಿಗೆ ಕೊಡುವ ಮೊದಲು ಓದಿ ನೋಡಬೇಕಾದ ಜಾಗ ಇದು.

ಕನ್ನಡದಲ್ಲಿ ಟೈಪು ಮಾಡುವಾಗ ಇನ್ನೊಂದು ಮೋಸ ಇದೆ. ಕೈಯಲ್ಲಿ ಬರೆಯುವಾಗ ನಾವು ಮೊದಲು ‘ಸಿ’ ಬರೆದು, ಆಮೇಲೆ ಕೆಳಗೆ ವಕಾರದ ಒತ್ತು ಕೊಡುತ್ತೇವೆ. ಯೂನಿಕೋಡಿನಲ್ಲಿ ಕ್ರಮ ಬೇರೆ: ಸ, ವಿರಾಮ ಚಿಹ್ನೆ, ವ, ಕೊನೆಗೆ ಇಕಾರದ ಗುಣಿತ. ಬರೆಯುವ ಅಭ್ಯಾಸದಲ್ಲೇ ಗುಣಿತವನ್ನು ಮೊದಲು ಒತ್ತಿದರೆ ಅಕ್ಷರ ಒಡೆದು ‘ಸಿ’ ಒಂದು ಕಡೆ, ‘ವ’ ಇನ್ನೊಂದು ಕಡೆ ನಿಲ್ಲುತ್ತದೆ. ಹಳೆಯ ಫಾಂಟಿನ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವಾಗಲೂ ಒತ್ತು ಕಳೆದುಹೋಗಿ ‘ಪಯಸಿನಿ’ ಉಳಿಯುವುದುಂಟು.

ಜನನ ನೋಂದಣಿಗೆ 21 ದಿನಗಳ ಅವಧಿ. ಆಗ ಹೆಸರು ನಿಶ್ಚಯವಾಗಿರದಿದ್ದರೆ ಗಡಿಬಿಡಿಯಲ್ಲಿ ಏನಾದರೂ ಬರೆಸಬೇಡಿ. ಹೆಸರಿಲ್ಲದೆಯೇ ನೋಂದಣಿ ಮಾಡಿಸಬಹುದು, ನೋಂದಣಿಯಾದ 12 ತಿಂಗಳ ಒಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಲು 1969ರ ಜನನ ಮರಣ ನೋಂದಣಿ ಕಾಯಿದೆಯಲ್ಲಿ ಅವಕಾಶ ಇದೆ. ಆಮೇಲೆ ತಡವಾದ ಶುಲ್ಕ ಕಟ್ಟಬೇಕು. ಕಾಗುಣಿತ ತಪ್ಪಿದ್ದರೆ ಅದೇ ಕಾಯಿದೆಯ 15ನೇ ಕಲಮಿನಡಿ ನೋಂದಣಾಧಿಕಾರಿ ತಿದ್ದುತ್ತಾರೆ. ಮೂಲ ಬರಹವನ್ನು ಅಳಿಸುವುದಿಲ್ಲ, ಅಂಚಿನಲ್ಲಿ ತಿದ್ದುಪಡಿ ದಾಖಲಾಗುತ್ತದೆ. ಕೇರಳದ ಪಂಚಾಯತುಗಳಲ್ಲಿ ಈಗ ಈ ಕೆಲಸ ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ನಡೆಯುತ್ತದೆ. 2023ರ ಅಕ್ಟೋಬರ್ 1ರಿಂದ ಮುಂದೆ ಹುಟ್ಟಿದವರಿಗೆ ಹುಟ್ಟಿದ ದಿನ ಮತ್ತು ಊರಿಗೆ ಜನನ ಪತ್ರವೇ ಪುರಾವೆಯಾದ್ದರಿಂದ ಮೊದಲು ಅದನ್ನೇ ಸರಿ ಮಾಡಿಸಿ. ಆಧಾರಿನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ ಮಾತ್ರ ಬದಲಿಸಬಹುದು. ಜನನ ಪತ್ರ ಸರಿಯಾಗುವ ಮೊದಲೇ ಆಧಾರ್ ತಿದ್ದಲು ಹೋದವರು ಒಂದು ಅವಕಾಶವನ್ನು ಸುಮ್ಮನೆ ಕಳೆದುಕೊಳ್ಳುತ್ತಾರೆ. ಇನ್ನು ಹೆಸರಿನ ಹಿಂದುಮುಂದಿನ ಇನಿಷಿಯಲ್ಲು: ಪಾಸ್‌ಪೋರ್ಟಿಗೆ ಅದನ್ನು ಬಿಡಿಸಿ ಬರೆಯಬೇಕಾಗುತ್ತದೆ, ಆದ್ದರಿಂದ ತಂದೆಯ ಹೆಸರೋ ಮನೆತನದ ಹೆಸರೋ ಯಾವುದು ಎಂದು ಶಾಲೆಗೆ ಸೇರಿಸುವ ಹೊತ್ತಿಗೇ ನಿಶ್ಚಯಿಸಿಕೊಳ್ಳಿ.

ಇವೆಲ್ಲಕ್ಕಿಂತ ಮೊದಲು ಹೆಸರನ್ನು ಬರೆಯುವುದು ನಾಮಕರಣದ ದಿನ, ತಟ್ಟೆಯ ಅಕ್ಕಿಯ ಮೇಲೆ, ಚಿನ್ನದ ಉಂಗುರದಿಂದ. ಅಕ್ಕಿಯನ್ನು ತೆಳ್ಳಗೆ ಹರಡಿದರೆ ಗೀರು ನಿಲ್ಲುವುದಿಲ್ಲ, ಬೆರಳಿನ ಅರ್ಧ ಗೆಣ್ಣಿನಷ್ಟು ದಪ್ಪ ಇರಲಿ. ಲಕ್ಷ್ಮಿ, ಗಿರಿಜ ಎಂದು ಬರೆದು ರೂಢಿಯಾದ ಕೈ ತಟ್ಟೆಯ ನಡುವಿನಲ್ಲಿ ದೊಡ್ಡದಾಗಿ ಶುರುಮಾಡುತ್ತದೆ. ಈ ಹೆಸರು ನಾಲ್ಕು ಅಕ್ಷರ, ಮೂರನೆಯದಕ್ಕೆ ಕೆಳಗೆ ಒತ್ತು. ಎಡಗಡೆಯ ಅಂಚಿನಿಂದ, ಸ್ವಲ್ಪ ಮೇಲಿನಿಂದಲೇ ತೊಡಗಿ. ಪ ಆಯಿತು, ಯ ಆಯಿತು, ಸಿ ಬರೆದು ಉಂಗುರ ಎತ್ತಿ, ಅದರ ಕೆಳಗೆ ಬಲಕ್ಕೆ ವಕಾರದ ಒತ್ತು ಬರೆದು, ಆಮೇಲೆ ನಿ. ಒತ್ತಿನ ಗೀರಿಗೆ ಮೇಲಿನ ಅಕ್ಕಿ ಜಾರಿ ಬಿದ್ದಿದ್ದರೆ ಅದನ್ನೊಮ್ಮೆ ಮತ್ತೆ ಎಳೆದು, ಆ ಬಳಿಕ ಮಗುವಿನ ಕಿವಿಯಲ್ಲಿ ಹೆಸರು ಹೇಳಿ.